ಮಾಳಿಗೆ ಹತ್ತಿದ ಗಂಡಸು

“ಇಳಿಸಿ ಕೆಳಗೆ!” ಎಂದಳು ಬತೂಲ್.

ಹೆಣ ಹೊತ್ತು ಹೆಗಲಿಗೇರಿದ್ದ ಜನಾಜಾ ಹೊಸ್ತಿಲಲ್ಲೇ ನಿಂತಿತು. ಹೊತ್ತವರು ಮುಖ ಮುಖ ನೋಡಿಕೊಂಡರು. ಬಿಳಿ ಉಟ್ಟ ವಿಧವೆ ಬಾಗಿಲಿಗೆ ಎರಡೂ ಕೈ ಅಡ್ಡ ಹಾಕಿದ್ದಳು. ಫೆಸ್ ಊರಿನ ಆ ಇಕ್ಕಟ್ಟು ಓಣಿಯಲ್ಲಿ ಎದುರಿಗೆ ಕತ್ತೆ ಬಂದರೆ ಹೆಣವೂ ಒತ್ತರಿಸಿಕೊಳ್ಳಬೇಕು; ಹೊರಗೆ ಆಗಲೇ ಒಂದು ಕತ್ತೆ ಮೂಟೆ ಹೊತ್ತು ಕಾಯುತ್ತಿತ್ತು.

“ಅಮ್ಮಾ, ನಮಾಜಿಗೆ ಹೊತ್ತಾಯ್ತು,” ಎಂದ ಮಗ ಮುನೀರ್.

“ನಿಮ್ಮಪ್ಪ ಎಂದೂ ತಡ ಮಾಡಿದೋರಲ್ಲ. ಇವತ್ತೊಂದಿನ ಮಾಡ್ಲಿ. ಆ ತಾಮು ಆಗ ಏನಂದ್ಲೋ, ಇನ್ನೊಂದ್ಸಲ ಅನ್ಲಿ.”

ಹೆಣ ಹೊರಡುವ ಮುಂಚೆ, “ನಮ್ಮಪ್ಪನಿಂದ ಏನಾದರೂ ತಪ್ಪಾಗಿದ್ದರೆ ಮನ್ನಿಸಿಬಿಡಿ” ಎಂದು ಮಗ ಕೇಳುವುದು, “ಮನ್ನಿಸಿದ್ದೇವೆ” ಎಂದು ನೆರೆದವರೆಲ್ಲ ಗುನುಗುವುದು. ರೂಢಿ ಇರುವುದು ಅಷ್ಟೇ. ಪಕ್ಕದ ಮನೆಯ ತಾಮು ಮಾತ್ರ ಎಲ್ಲರದೂ ಮುಗಿಯಲೆಂದು ಕಾದು, ಗಂಟಲು ಸರಿಮಾಡಿಕೊಂಡು ಅಂದಿದ್ದಳು: “ನನ್ನ ಮಗಳಿಗೆ ಮಾಡಿದ್ದನ್ನೂ ಮನ್ನಿಸಿದ್ದೀನಿ.”

“ಸಾವಿನ ಮನೇಲಿ ಒಳ್ಳೇ ಮಾತಾಡಿದ್ರೂ ತಪ್ಪಾ?” ಎಂದಳು ತಾಮು ಈಗ.

“ಮನ್ನಿಸೋ ಅಂಥದ್ದು ಏನ್ ಮಾಡಿದ್ರು ಅವರು? ‘ಏನೂ ಮಾಡಿಲ್ಲ’ ಅನ್ನು. ಆಮೇಲೆ ಹೊರಡ್ಲಿ.”

“ಹೆಣದ ಮುಂದೆ ಸುಳ್ಳಾಡಬಾರ್ದು, ತಾಯಿ.”

ಮುನೀರ್ ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಾಗಿಲಿನಿಂದ ಬಿಡಿಸಿದ. ಜನಾಜಾ ಓಣಿಗಿಳಿಯಿತು. ಗೋರಿ ತನಕ ಹೆಂಗಸರು ಹೋಗುವಂತಿಲ್ಲ.

*

ಬತೂಲಳ ಗಂಡ ಥಾಮಿ ವಯಸ್ಸೆಲ್ಲ ತಲೆ ತಗ್ಗಿಸಿ ಚರ್ಮದ ಚಪ್ಪಲಿ ಹೊಲಿದವನು. ಬೆನ್ನು ಗೂನಾದಾಗ ವೈದ್ಯರು, “ಆಗಾಗ ಮೇಲೆ ನೋಡ್ತಿರಿ” ಎಂದರು. ಹೇಳಿದ್ದು ಕುತ್ತಿಗೆಗೆ, ಕೇಳಿಸಿಕೊಂಡದ್ದು ಮನಸ್ಸು. ಅರವತ್ತು ದಾಟಿದ ಮೇಲೆ ಅಂಗಡಿ ಮಾರಿದ. ಹಜ್‌ಗೆ ಹೊರಟ ಎಂದು ಓಣಿಯೆಲ್ಲ ಹರಸಿತು. ಕತ್ತೆಯ ಬೆನ್ನ ಮೇಲೆ ಕಂಬಳಿ ಸುತ್ತಿಕೊಂಡು ಮನೆಗೆ ಬಂದದ್ದು ದುರ್ಬೀನು.

“ಮಕ್ಕಾಗೆ ಹೋಗ್ತೀಯ ಅಂದ್ಕೊಂಡ್ರೆ ಮಂಗಳಕ್ಕೆ ಹೊರಟ್ಯಲ್ಲೋ!” ಎಂದ ಓಣಿಯ ಕ್ಷೌರಿಕ.

ಆದರೆ ಆ ಊರಲ್ಲಿ ಮಾಳಿಗೆ ಹೆಂಗಸರದು. ಬಟ್ಟೆ ಒಣಗಿಸುವುದು, ತಲೆ ಬಾಚುವುದು, ಪಕ್ಕದವರ ಸುದ್ದಿ ಹರವುವುದು, ಎಲ್ಲ ಅಲ್ಲೇ. ಗಂಡಸು ಹತ್ತಿದರೆ ಕೆಮ್ಮಿ ಹತ್ತಬೇಕು, ಕೆಲಸ ಮುಗಿಸಿ ಇಳಿಯಬೇಕು. ಥಾಮಿ ಕೆಮ್ಮಿಯೇ ಹತ್ತುತ್ತಿದ್ದ. ಇಳಿಯುವುದು ಮರೆಯುತ್ತಿದ್ದ.

ಮೊದಲ ಸಂಜೆ ಹೆಂಡತಿಯನ್ನೂ ಕರೆದ. ಕೊಳವೆಯ ತುದಿಯಲ್ಲಿ ಬಳೆ ತೊಟ್ಟ ಒಂದು ಪುಟ್ಟ ಮುತ್ತು ನಡುಗುತ್ತಿತ್ತು.

“ಇದು ನಿಜವಾಗ್ಲೂ ಅಲ್ಲಿದೆಯಾ?”

“ನಾನು ಚಪ್ಪಲಿ ಹೊಲೀತಿದ್ದಾಗ್ಲೂ ಇತ್ತಂತೆ ಕಣೇ. ಒಬ್ರೂ ಹೇಳ್ಲಿಲ್ಲ ನೋಡು.”

ಆ ಚಳಿಗಾಲ ಕಳೆಯುವುದರೊಳಗೆ ತಾಮುವಿನ ಮಗಳು ನವಾಲಳ ನಿಶ್ಚಿತಾರ್ಥ ಮುರಿಯಿತು. ದುರ್ಬೀನು ಹಾಕಿ ಕಂಡವರು ನೋಡಿದ ಹುಡುಗಿ ನಮಗೆ ಬೇಡ ಎಂದರಂತೆ ಗಂಡಿನ ಕಡೆಯವರು. ಥಾಮಿ ವಾದಕ್ಕೆ ನಿಲ್ಲಲಿಲ್ಲ. ಮಾಳಿಗೆಯ ಕೋಣೆಯಲ್ಲಿ ದುರ್ಬೀನಿಟ್ಟು ಕೆಳಗಿಳಿದ. ಆಮೇಲೆ ಬದುಕಿರುವ ತನಕ ಅಂಗಳದ ಚಾಪೆಯ ಮೇಲೆ ಅಂಗಾತ ಮಲಗಿ, ನಾಲ್ಕು ಗೋಡೆ ಬಿಟ್ಟುಕೊಟ್ಟಷ್ಟು ಆಕಾಶವನ್ನು ಬರಿಗಣ್ಣಲ್ಲಿ ನೋಡಿದ. ಇಳಿದದ್ದನ್ನೇ ತಾಮು ತಪ್ಪೊಪ್ಪಿಗೆ ಎಂದಳು.

*

ಅಂಗಳದಲ್ಲಿ ಹೆಂಗಸರ ಅಳು ಮುಗಿದು ಹರಟೆ ಶುರುವಾಗಿತ್ತು. ಖದ್ದೂಜ್ ಎಂಬ ಮುದುಕಿ ಒಂದು ಕಣ್ಣು ಮುಚ್ಚಿ, ಬೆನ್ನು ಬಾಗಿಸಿ, “ಸುಬ್ಹಾನಲ್ಲಾ! ಸುಬ್ಹಾನಲ್ಲಾ!” ಎಂದು, ದೇವರ ಸೃಷ್ಟಿಗೆ ಬೆರಗಾಗುತ್ತಿದ್ದ ಥಾಮಿಯ ದನಿಯನ್ನೇ ತೆಗೆದಳು. ಎಲ್ಲರೂ ಮುಸುಕಿನೊಳಗೆ ನಕ್ಕರು. ಆ ದನಿ ಕೇಳಿ ಬತೂಲ್ ತಿರುಗಿ ನೋಡಿದಳು. ಮರುಗಳಿಗೆ ತಾಮುವಿನ ತೋಳು ಹಿಡಿದೆಬ್ಬಿಸಿದಳು.

“ಬಾ ಮೇಲೆ. ಅವರು ಏನ್ ನೋಡ್ತಿದ್ರೋ ನೀನೇ ನೋಡು.”

ಬತೂಲ್ ಕೋಣೆಯಿಂದ ದುರ್ಬೀನನ್ನು ಹೊರಗೆಳೆದು, ಧೂಳನ್ನು ತನ್ನ ತೋಳಿನಿಂದಲೇ ಒರೆಸಿ, ಬಿಸಿಲಿಗೆ ಬೆನ್ನು ಮಾಡಿ ಮೇಲಕ್ಕೆತ್ತಿ ನಿಲ್ಲಿಸಿದಳು. ತಾಮು ಬಗ್ಗಿದಳು.

“ಏನಿದೆ?”

“ಬರೀ ನೀಲಿ.”

“ನೋಡಿದ್ಯಾ? ಇದಕ್ಕೆ ಆಕಾಶ ಬಿಟ್ರೆ ಬೇರೇನೂ ಕಾಣಲ್ಲ.”

ಬಹಳ ದಿನ ಮುಟ್ಟದ ತಿರುಪು ಸಡಿಲಿತ್ತು. ಕೊಳವೆ ತನ್ನಷ್ಟಕ್ಕೆ ನಿಧಾನ ಬಾಗತೊಡಗಿತು. ತಾಮು ಕಣ್ಣು ತೆಗೆಯದೆ ಅದರೊಂದಿಗೇ ಬಾಗಿದಳು.

“ಅಯ್ಯೋ!”

“ಏನು?”

“ಆ ದಿಬ್ಬದ ಮೇಲಿನ ಮನೆ. ತಲೆಕೆಳಗಾಗಿದೆ... ಯಾವಳೋ ಮಾಳಿಗೇಲಿ ತಲೆ ಬಾಚ್ಕೋತಾ ಇದ್ದಾಳೆ. ಬಾಚಣಿಗೆಯ ಹಲ್ಲೂ ಕಾಣ್ತವೆ.”

ಬತೂಲ್ ಕೊಳವೆಯನ್ನು ಮತ್ತೆ ಮೇಲಕ್ಕೆತ್ತಿದಳು. “ಅವರು ನೋಡ್ತಿದ್ದದ್ದು ಕತ್ತಲಲ್ಲಿ. ಸಂಜೆ ತನಕ ಇರು. ಮುತ್ತೊಂದಿದೆ, ಬಳೆ ತೊಟ್ಕೊಂಡು... ನಾನೇ ನೋಡಿದ್ದೀನಿ.”

“ಚುಕ್ಕಿ ಕಾಣೋ ಇದಕ್ಕೆ ದೀಪ ಹಚ್ಚಿದ ಕಿಟಕಿ ಕಾಣಲ್ವಾ?” ತಾಮು ನೆಟ್ಟಗಾದಳು. ಕೊಂಕು ಎಲ್ಲಿ ಹೋಗಿತ್ತೋ, ಕಣ್ಣಲ್ಲಿ ನಿಜವಾದ ನೀರಿತ್ತು. “ಇಲ್ಲೀ ತನಕ ನಂಗೂ ಪೂರಾ ನಂಬಿಕೆ ಇರ್ಲಿಲ್ಲ ಬತೂಲ್. ಜನ ಅಂದಿದ್ದನ್ನೇ ನಾನೂ ಅಂದಿದ್ದೆ.”

ತಾಮು ಕಣ್ಣೊರೆಸಿಕೊಂಡಳು.

“ಇರ್ಲಿ. ಈಗ್ಲೂ ಮನ್ನಿಸಿದ್ದೀನಿ. ನಿಮ್ಮನೇಲಿ ಮೂರು ದಿನ ಒಲೆ ಹಚ್ಚೋ ಹಾಗಿಲ್ಲ. ಕುಸ್ಕುಸ್ ಕಳಿಸ್ತೀನಿ, ತಿನ್ನು.”

ಮೆಟ್ಟಿಲು ಇಳಿಯುವ ಸದ್ದು ಅಂಗಳ ಮುಟ್ಟಿತು. ಕೆಳಗೆ ಹರಟೆ ತಟ್ಟನೆ ನಿಂತು, ಪಿಸುಮಾತಾಯಿತು.

ಬತೂಲ್ ಕೊಳವೆಯನ್ನು ಎರಡೂ ಕೈಯಿಂದ ಹಿಡಿದು ಊರಾಚೆಯ ಗುಡ್ಡದ ಕಡೆ ತಿರುಗಿಸಿ ಕಣ್ಣಿಟ್ಟಳು. ತಲೆಕೆಳಗಾದ ನೋಟದಲ್ಲಿ ಬಿಳಿ ಗೋರಿಗಳೆಲ್ಲ ಮೇಲಿಂದ ಹಲ್ಲಿನಂತೆ ಇಳಿಬಿದ್ದಿದ್ದವು. ಅವುಗಳ ನಡುವೆ ಗಂಡಸರು, ನೆಲಕ್ಕೆ ಕಾಲು ಅಂಟಿಸಿಕೊಂಡು ಬಾವಲಿಗಳ ಹಾಗೆ ಜೋತುಬಿದ್ದು, ಸಲಿಕೆಯಿಂದ ಮಣ್ಣನ್ನು ಮೇಲಕ್ಕೆ, ಮೇಲಕ್ಕೆ ತುಂಬುತ್ತಿದ್ದರು. ಅದರಲ್ಲಿ ಮುನೀರ್ ಯಾರೆಂದು ಗುರುತು ಹತ್ತಲಿಲ್ಲ. ಅವರೆಲ್ಲರ ತಲೆಯ ಕೆಳಗೆ, ಹಿಡಿಯಲು ಒಂದು ಮೋಡವೂ ಇಲ್ಲದ, ತಳವಿಲ್ಲದ ಆಕಾಶ.