ಗಂಡನ ರುಜು

ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ಬರುವ ಹೆಂಗಸಿನ ಫಾರಮಿನ ಕೆಳಗೆ ಒಂದು ಚೌಕ ಇರುತ್ತದೆ: ಗಂಡನ ರುಜು. ಗಂಡ ಒಲ್ಲೆ ಅಂದರೆ ಫಾರಮು ಅಲ್ಲಿಗೇ ನಿಂತಿತು. ಆರನೇ ಬಸಿರಿನಲ್ಲಿ ಒಬ್ಬಳು ಕಣ್ಣೆದುರೇ ಸತ್ತ ಮೇಲೆ ಹೆರಿಗೆ ಆಸ್ಪತ್ರೆಯ ಸಿಸ್ಟರು, ಕೈಬರಹ ಗುರುತು ಸಿಗದ ಹಾಗೆ, ಆ ಚೌಕವನ್ನು ತಾನೇ ಎಡಗೈಯಲ್ಲಿ ತುಂಬತೊಡಗಿದಳು. ಹನ್ನೊಂದು ವರ್ಷವಾಯಿತು. "ಊರಿನ ಅರ್ಧ ಹೆಂಗಸರಿಗೆ ನಾನೇ ಗಂಡ ಕಣೇ" ಎಂದು ಆಯಾಳ ಹತ್ತಿರ ನಗುವಳು.

ಪೇಟೆಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮನಿಗೂ ಹಾಗೇ ಗಂಡನಾಗಿದ್ದಳು. ಆ ಋಣಕ್ಕೋ ಏನೋ, ಟೈಲರಮ್ಮ ನಗರಸಭೆಗೆ ನಿಂತಾಗ ಮೊದಲು ಕೊಟ್ಟ ಮಾತೇ ಅದು: ಆ ಚೌಕ ತೆಗೆಸುತ್ತೇನೆ. ಆಸ್ಪತ್ರೆ ನಗರಸಭೆಯದು, ನಿಯಮವೂ ಅವರದೇ. ಸಿಸ್ಟರು ಡ್ಯೂಟಿ ಮುಗಿಸಿ ಮನೆಮನೆ ತಿರುಗಿ, ಒಲೆ ಮುಂದೆ ಕೂತ ಹೆಂಗಸರಿಗೆಲ್ಲ ಅದನ್ನೇ ಹೇಳಿದಳು. ಟೈಲರಮ್ಮ ಗೆದ್ದಳು.

ನಗರಸಭೆಯ ಸಭೆಗೆ ಎರಡು ದಿನ ಮೊದಲು ಟೈಲರಮ್ಮ ಸಿಸ್ಟರ ಹತ್ತಿರ ಬಂದಳು. "ಅಕ್ಕ, ಬರೀ ಬಾಯಿಮಾತಾದ್ರೆ ಗಂಡಸರು ನಗ್ತಾರೆ. ಎಷ್ಟು ಹೆಂಗಸರು ನಿಮ್ಮ ಕೈಲಿ ರುಜು ಹಾಕಿಸ್ಕೊಂಡಿದ್ದಾರೆ ಅಂತ ಲೆಕ್ಕ ಕೊಡಿ. ನಿಮ್ಮ ಹೆಸರು ಎತ್ತಲ್ಲ."

"ಇನ್ನೂರರ ಮೇಲಿದೆ" ಅಂದಳು ಸಿಸ್ಟರು.

ಸಭೆಯ ದಿನ ಸಿಸ್ಟರು ನೋಡುವವರಿಗೆಂದು ಹಾಕಿದ ಮೇಲಿನ ಬೆಂಚಿನಲ್ಲಿ ಹೆಂಗಸರ ಜೊತೆ ಕೂತಿದ್ದಳು. ಟೈಲರಮ್ಮ ಎದ್ದು ಕನ್ನಡಕ ಸರಿ ಮಾಡಿಕೊಂಡಳು. "ನಿಯಮ ಸಡಿಲ ಮಾಡಿದರೆ ಏನಾಗುತ್ತೆ ಅನ್ನೋದು ನಮ್ಮ ಆಸ್ಪತ್ರೆಯಲ್ಲೇ ಕಾಣುತ್ತೆ. ಇನ್ನೂರು ಸುಳ್ಳು ರುಜು. ಹಾಕಿದವರು ಇಲ್ಲೇ ಕೂತಿದ್ದಾರೆ." ಹೆಸರು ಎತ್ತಲಿಲ್ಲ ನಿಜ. ಕಣ್ಣೆತ್ತಿದಳು, ಅಷ್ಟೇ. ಗಂಡಸರು ಮೇಜು ಕುಟ್ಟಿದರು. ಚೌಕ ಹಾಗೇ ಉಳಿಯಿತು. ಮಾರನೇ ದಿನ ಟೈಲರಮ್ಮ ಉಪಾಧ್ಯಕ್ಷೆಯಾದಳು.

ಅದರ ಮಾರನೇ ದಿನ ಸಿಸ್ಟರಿಗೆ ನಗರಸಭೆಯ ನೋಟೀಸು. ಆ ಹೆಂಗಸರ ಪಟ್ಟಿ ಸಂಜೆಯೊಳಗೆ ಬರಬೇಕು, ಇಲ್ಲವಾದರೆ ಕೆಲಸವಿಲ್ಲ. ಕೋಣೆಯ ಸಾವಿರಾರು ಫಾರಮುಗಳಲ್ಲಿ ಆ ಇನ್ನೂರು ಯಾವುವು ಎಂದು ಅವಳೊಬ್ಬಳಿಗೇ ಗೊತ್ತು. ಪಟ್ಟಿ ಕೊಟ್ಟರೆ ಇನ್ನೂರು ಮನೆಯಲ್ಲಿ ಗಂಡನ ಬೆಲ್ಟು ಸೊಂಟದಿಂದ ಕೈಗೆ ಬರುತ್ತದೆ ಎಂದು ಸಿಸ್ಟರಿಗೆ ಗೊತ್ತು.

ಮಧ್ಯಾಹ್ನ ಟೈಲರಮ್ಮ ಹಿಂಬಾಗಿಲಿನಿಂದ ಆಸ್ಪತ್ರೆಯ ದಾಖಲೆ ಕೋಣೆಗೆ, ಸಿಸ್ಟರ ಹತ್ತಿರ ಬಂದಳು.

"ಬೈಯ್ರಿ ಅಕ್ಕ, ಹೊಡೀರಿ."

"ಪುರುಸೊತ್ತಿಲ್ಲ. ಏನು ಬೇಕು?"

"ಆ ಚೌಕ ಹೇಗೂ ಹೋಗ್ತಿರಲಿಲ್ಲ, ಓಟು ಎಣಿಸಿ ನೋಡಿದ್ದೆ. ಮೇಲೆ ಹೋದ್ರೆ ಮುಂದೆ ಏನಾದ್ರೂ ಮಾಡ್ಬಹುದು ಅಂತ. ಪಟ್ಟಿ ಕೇಳ್ತಾರೆ ಅಂತ ಹೊಳೀಲೇ ಇಲ್ಲ."

"ಏಣಿ ಒದೆಯೋಕೆ ಮುಂಚೆ ಕಾಲು ಎಲ್ಲಿದೆ ನೋಡ್ಕೋಬೇಕು. ನಿಂದು ಇನ್ನೂ ಏಣಿ ಮೇಲೇ ಇದೆ."

"ನನ್ನ ಫಾರಮು ಕೊಟ್ಬಿಡಿ. ನಮ್ಮ ಮನೆಯವರಿಗೆ ಗೊತ್ತಾದ್ರೆ ನನ್ನ ಒಳಗೆ ಸೇರ್ಸಲ್ಲ."

ಸಿಸ್ಟರು ಕಟ್ಟು ಬಿಚ್ಚಿ ಫಾರಮು ಎಳೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ರಿಜಿಸ್ಟರು ತೆರೆದಳು. ಕೋಣೆಯಿಂದ ಯಾವ ಕಾಗದ ಹೊರಗೆ ಹೋದರೂ ಒಯ್ದವರು ಅದು ಯಾರ ಕಾಗದ ಎಂದು ಅದರಲ್ಲಿ ಬರೆದು ರುಜು ಹಾಕಬೇಕು.

ಟೈಲರಮ್ಮ ಪೆನ್ನು ಹಿಡಿದು ಆ ಗೆರೆಯನ್ನೇ ನೋಡಿದಳು. "ಅಕ್ಕ, ನೀವೇ ಯಾರದ್ದಾದ್ರೂ ಒಂದು ಹಾಕ್ಬಿಡಿ."

ಸಿಸ್ಟರಿಗೆ ನಗು ಬಂತು. "ಸುಳ್ಳು ರುಜು ನಿಮ್ಮ ಸಭೆಗೆ ಆಗಿಬರಲ್ಲ. ನಿನ್ನದೇ ಹಾಕು. ಇಲ್ಲಿ ಗಂಡನದ್ದು ಬೇಡ."

ಟೈಲರಮ್ಮ ಪೆನ್ನು ಕೆಳಗಿಟ್ಟು, ಬಂದ ಬಾಗಿಲಿನಿಂದಲೇ ಹೋದಳು.

ಸಿಸ್ಟರು ಅವಳ ಫಾರಮನ್ನು ಮತ್ತೆ ಉಳಿದ ಫಾರಮುಗಳ ನಡುವೆ ಸೇರಿಸಿ ಕಟ್ಟು ಬಿಗಿದಳು. ನೋಟೀಸಿನ ಹಿಂದೆ ಬಲಗೈಯಲ್ಲಿ ಬರೆದಳು: ರುಜುಗಳೆಲ್ಲ ನನ್ನವು. ಹೆಸರು ಕೊಡುವುದಿಲ್ಲ.

ಆಯಾ ಬಾಗಿಲಲ್ಲಿ ತಲೆ ಹಾಕಿದಳು. "ಒಬ್ಬಳು ಫಾರಮು ಹಿಡ್ಕೊಂಡು ಕೂತಿದ್ದಾಳೆ. ಗಂಡನ್ನ ಕರ್ಕೊಂಡೇ ಬಂದಿಲ್ಲ. ಟೈಲರಮ್ಮ ಗೆದ್ರೆ ರುಜು ಬೇಡ ಅಂತ ನೀವೇ ಅವಳ ಅಡುಗೆಮನೇಲಿ ಕೂತು ಹೇಳಿದ್ರಂತೆ."

"ಹೌದು, ನಾನೇ ಹೇಳಿದ್ದು" ಅಂದಳು ಸಿಸ್ಟರು, ಪೆನ್ನನ್ನು ಎಡಗೈಗೆ ತೆಗೆದುಕೊಂಡು.