ಗೊತ್ತಿಲ್ಲ ಸಿದ್ದರಾಯನ ಮಂತ್ರ

ರುಮಾಲು ಮೂರನೆಯ ಸಲ ಜಾರಿತು. ಹುಚ್ಚವ್ವ ಅದನ್ನು ಪೂರ್ತಿ ಬಿಚ್ಚಿ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಅಪ್ಪನ ತಲೆಗೆ ಮತ್ತೆ ಮೊದಲಿನಿಂದ ಸುತ್ತತೊಡಗಿದಳು. ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದ ಸಿದ್ದರಾಯ ಬದುಕಿದ್ದಾಗ ಒಂದು ದಿನವೂ ರುಮಾಲು ನೆಟ್ಟಗೆ ಸುತ್ತಿಕೊಂಡವನಲ್ಲ. ಮಣ್ಣಿಗೆ ಹೋಗುವಾಗಲಾದರೂ ನೆಟ್ಟಗಿರಲಿ ಎಂಬುದು ಮಗಳ ಹಟ.

"ರುಮಾಲು ಇರಲಿ, ಮೊದಲ ಬೆತ್ತ ತಗೊಂಡು ಬಾ," ಎಂದ ಬಸಗೊಂಡಪ್ಪ ಗೌಡ.

ಸಾರವಾಡದಲ್ಲಿ ಬೆತ್ತವೆಂದರೆ ಅದೊಂದೇ. ಹಾವು ಕಚ್ಚಿದವರ ಮೈಮೇಲೆ ಆಡಿಸಿ ಸಿದ್ದರಾಯನ ಅಜ್ಜ, ಅಪ್ಪ ವಿಷ ಇಳಿಸುತ್ತಿದ್ದರೆಂದು ಹೇಳುವ ಬೆತ್ತ. ಮಂತ್ರ ಬಲ್ಲವನು ಸತ್ತರೆ ಹೆಣ ಎತ್ತುವ ಮೊದಲು ಅವನ ಮನೆಯವರೊಬ್ಬರು ಆ ಬೆತ್ತ ಹಿಡಿದು, ಮಂತ್ರ ನನಗೆ ಬಂದಿದೆ ಎಂದು ಊರೆದುರಿಗೆ ಹೇಳಬೇಕು. ಇಲ್ಲದಿದ್ದರೆ ಊರಿಗೆ ಕಾವಲಿಲ್ಲವೆಂದು ಹಾವುಗಳಿಗೆ ತಿಳಿದುಬಿಡುತ್ತದಂತೆ. ಹಾವುಗಳಿಗೆ ಈ ಸುದ್ದಿ ಯಾರು ಮುಟ್ಟಿಸುತ್ತಾರೋ, ಯಾರೂ ಕೇಳಿದವರಿಲ್ಲ. ಸಿದ್ದರಾಯನಿಗೆ ಗಂಡುಮಕ್ಕಳಿರಲಿಲ್ಲ. ಇದ್ದವಳು ಗಂಡ ಸತ್ತು ತವರಿಗೆ ಬಂದ ಹುಚ್ಚವ್ವ ಒಬ್ಬಳೇ. ನಿನ್ನೆ ಪ್ರಾಣ ಬಿಡುವ ಮೊದಲು ಅವನು ಅವಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದ್ದನ್ನು ಸೋದರತ್ತೆ ರಾಚವ್ವ ನೋಡಿದ್ದಳು. ರಾಚವ್ವ ನೋಡಿದಳೆಂದರೆ ಊರೇ ನೋಡಿದಂತೆ.

"ಬೆತ್ತ ಕುಣ್ಯಾಗ ಇಡತೇನ್ರಿ ಗೌಡ್ರ. ಅಪ್ಪನ ಜೋಡಿನ ಹೋಗಲಿ."

"ಮತ್ತ ಕಿವ್ಯಾಗ ಹೇಳಿದ್ದು?"

"ಅದು ಬ್ಯಾರೆ. ವಿಷ ಇಳಸೂ ಮಂತ್ರ ನನಗ ಗೊತ್ತಿಲ್ಲ."

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಅಪ್ಪನ ಮಾತು ಮಗಳ ಬಾಯಲ್ಲಿ ಬಂದಿತ್ತು. ಹದಿನೈದು ವರ್ಷದಿಂದ ಊರು ಅವನನ್ನು ಕರೆಯುತ್ತಿದ್ದುದೇ ಗೊತ್ತಿಲ್ಲ ಸಿದ್ದರಾಯ ಎಂದು. ಹುಚ್ಚವ್ವನಿಗೆ ಮೈ ಉರಿಯಿತು. ಆದರೂ ಅವಳ ಕೈ ರುಮಾಲು ಸುತ್ತುವುದನ್ನು ಬಿಡಲಿಲ್ಲ.

* * *

ಆ ಹೆಸರು ಬಿದ್ದದ್ದು ಅದೇ ಊರಿನ ದಾದಾಸಾಬನ ತಮ್ಮ ಯಾಕೂಬ ಸತ್ತ ವರ್ಷ. ಜೋಳದ ಹೊಲದಲ್ಲಿ ಹಾವು ಕಚ್ಚಿದ ಯಾಕೂಬನನ್ನು ಮುಂಜಾನೆ ಇದೇ ಕಟ್ಟೆಗೆ ತಂದು ಮಲಗಿಸಿದ್ದರು. ಸಿದ್ದರಾಯ ಬೆತ್ತ ಆಡಿಸಿದ, ಬೇವಿನ ಸೊಪ್ಪು ಬಡಿದ, ಗಂಟಲು ಬೀಳುವವರೆಗೆ ಮಂತ್ರ ಹೇಳಿದ. ಅಷ್ಟರಲ್ಲಿ ವಿಜಾಪುರದ ಎರಡು ಬಸ್ಸುಗಳು ಊರ ಮುಂದೆಯೇ ಹಾದುಹೋದವು. ಯಾಕೂಬ ಇಳಿಹೊತ್ತಿಗೆ ತೀರಿಕೊಂಡ.

ಹಣೆಬರಹ ಎಂದರು ಕೆಲವರು. ಯಾರೋ ಮುಟ್ಟುಚಟ್ಟಿನವರು ಅಂಗಳಕ್ಕೆ ಬಂದು ಮಂತ್ರ ಕೆಟ್ಟಿತು ಎಂದ ಗೌಡ. ಇವೆರಡರಲ್ಲಿ ಒಂದನ್ನು ಹಿಡಿದುಕೊಂಡು ಸುಮ್ಮನಿದ್ದರೆ ಸಿದ್ದರಾಯನ ಮರ್ಯಾದೆಗೆ ಏನೂ ಆಗುತ್ತಿರಲಿಲ್ಲ. ಅವನು ಮೂರನೆಯ ದಿನ, ಜಿಯಾರತಿನ ಪ್ರಾರ್ಥನೆಗೆ ಜನ ಕೂಡಿದ್ದಾಗ, ದಾದಾಸಾಬನ ಬಾಗಿಲಿಗೆ ಹೋಗಿ ನಿಂತ. ಹದಿನಾರರ ಹುಚ್ಚವ್ವ ಹಿಂದೆಯೇ ಇದ್ದಳು.

"ದಾದಾಸಾಬ, ವಿಷ ಹೆಂಗ ಇಳೀತೈತಿ ನನಗ ಎಂದೂ ಗೊತ್ತಿದ್ದಿಲ್ಲ," ಎಂದ. "ಉಳದವರಿಗೆಲ್ಲಾ ವಿಷ ಇಲ್ಲದ ಹಾವು ಕಚ್ಚಿದ್ವು. ಗೊತ್ತಿಲ್ಲ ಅಂತ ನಾ ಮುಂಜಾನೆನ ಅಂದಿದ್ರ ನಿನ್ನ ತಮ್ಮ ಬಸ್ ಹತ್ತತಿದ್ದ."

ದಾದಾಸಾಬ ಎದ್ದು ಬಂದು ಕಪಾಳಕ್ಕೆ ಹೊಡೆದ. ಸಿದ್ದರಾಯ ಅಲ್ಲಾಡಲಿಲ್ಲ, ಇನ್ನೊಂದು ಏಟಿಗೆ ಕಾಯುವವನಂತೆ ನಿಂತೇ ಇದ್ದ. ಆಗ ದಾದಾಸಾಬನ ತಾಯಿ ಪೀರಾಂಬಿ ಒಳಗಿನಿಂದ ಒಂದು ತಂಬಿಗೆ ನೀರು ತಂದು, ಮಗನಿಂದ ಏಟು ತಿಂದವನ ಕೈಗೇ ಕೊಟ್ಟಳು.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಹಾಗೇ ಆಯಿತು. ಸುಗ್ಗಿಯಲ್ಲಿ ಮಂತ್ರದ ಮನೆಗೆ ಬರುತ್ತಿದ್ದ ಜೋಳದ ಆಯವನ್ನು ಗೌಡ ನಿಲ್ಲಿಸಿದ. ಸಿದ್ದರಾಯ ಕುರಿ ಕಾಯ್ದು ಹೊಟ್ಟೆ ಹೊರೆದ. ಬಾವಿಗೆ ಹೋದಾಗಲೆಲ್ಲ ಗೆಳತಿಯರು ಆಡಿಕೊಳ್ಳುವುದನ್ನು ತಾಳಲಾರದೆ ಹುಚ್ಚವ್ವ ಒಮ್ಮೆ ಅಪ್ಪನ ಮೇಲೆ ಹರಿಹಾಯ್ದಿದ್ದಳು. ಅವನು ಕಂಬಳಿ ಕೊಡವುತ್ತ ಹೇಳಿದ್ದ: "ಗೊತ್ತೈತಿ ಅಂದಾಗ ಒಬ್ಬ ಸತ್ತ. ಗೊತ್ತಿಲ್ಲ ಅಂದ್ರ ನಗತಾರ, ಅಷ್ಟ. ನಗಲಿ ಬಿಡು."

ಬೆತ್ತವನ್ನು ಮಾತ್ರ ಅವನು ಎಸೆಯಲಿಲ್ಲ. ಹಾವು ಕಚ್ಚಿದವರನ್ನು ಯಾರಾದರೂ ತಂದರೆ ಸಾಕು, ಬೆತ್ತ ತೆಗೆದುಕೊಂಡು ಡಾಂಬರು ರಸ್ತೆಗೆ ಓಡಿ, ಎರಡೂ ಕೈಯಲ್ಲಿ ಅದನ್ನು ಅಡ್ಡ ಹಿಡಿದು ಬಸ್ಸಿನೆದುರು ನಿಲ್ಲುತ್ತಿದ್ದ. ಡ್ರೈವರುಗಳು ಮೊದಮೊದಲು ಬೈದರು, ಆಮೇಲೆ ದೂರದಿಂದಲೇ ವೇಗ ಇಳಿಸುವುದನ್ನು ಕಲಿತರು. ಬಸ್ಸಿಲ್ಲದ ಹೊತ್ತಿನಲ್ಲಿ ದಾದಾಸಾಬನೇ ತನ್ನ ಟ್ರ್ಯಾಕ್ಟರು ತರುತ್ತಿದ್ದ, ಹಾಗೇ ಇಬ್ಬರೂ ಗೆಳೆಯರಾದರು.

* * *

ಹೊತ್ತು ನೆತ್ತಿಗೆ ಬಂದಿತ್ತು. ಕುಣಿ ತೋಡಿದ್ದ ಹೊಲ ಎರಡು ಮೈಲಿ ದೂರ. ಹೆಣ ಒಯ್ಯಲು ದಾದಾಸಾಬ ತನ್ನ ಟ್ರ್ಯಾಕ್ಟರಿನ ಟ್ರಾಲಿಗೆ ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಇಳಿಬಿಟ್ಟು ತಂದು ನಿಲ್ಲಿಸಿದ್ದ. ಗೌಡ ಇನ್ನೂ ಸಿದ್ದರಾಯನ ಅಜ್ಜನ ಪವಾಡಗಳನ್ನೇ ಹೇಳುತ್ತಿದ್ದ. ಮಂತ್ರಕ್ಕಿಂತ ಉಗುಳೇ ಹೆಚ್ಚು. ಹೆಣ ಹೋಗುವ ತನಕ ಓಣಿಯಲ್ಲಿ ಯಾರೂ ಒಲೆ ಹಚ್ಚುವಂತಿರಲಿಲ್ಲವಾದ್ದರಿಂದ ಕೇಳುವವರಿಗೆಲ್ಲ ಹಸಿವು.

ಆಗ ಗೌಡನ ಮಗ ಗುರಣ್ಣ ಹೆಂಡತಿಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದ. ಮನೆಯ ಆಳುಗಳೆಲ್ಲ ಮಣ್ಣಿಗೆ ಬಂದಿದ್ದಾರೆಂದು ರೇಣುಕವ್ವ ತಾನೇ ಎತ್ತುಗಳಿಗೆ ಮೇವು ಹಿರಿಯಲು ಬಣವೆಗೆ ಕೈ ಹಾಕಿದ್ದಳು. ಮುಂಗೈಯಲ್ಲಿ ಎರಡು ಚುಕ್ಕೆ. ರೆಪ್ಪೆಗಳು ಆಗಲೇ ಇಳಿಬೀಳುತ್ತಿದ್ದವು.

ಗೌಡ ತಾನೇ ಒಳಗೆ ನುಗ್ಗಿ, ಗೂಟಕ್ಕೆ ತೂಗುಹಾಕಿದ್ದ ಬೆತ್ತ ತಂದು ಹುಚ್ಚವ್ವನ ಮುಂದೆ ಹಿಡಿದ. "ಹಿಡಿ ಯವ್ವಾ. ಸಿಟ್ಟು ಆಮ್ಯಾಲ. ನಿಲ್ಲಿಸಿದ ಆಯ ಎಲ್ಲಾ ಕೊಡತೇನಿ. ಮಂತ್ರ ಹಾಕು."

ಹುಚ್ಚವ್ವ ಬೆತ್ತವನ್ನೇ ನೋಡಿದಳು. ಬೆತ್ತ ಹಿಡಿದು ನಾಲ್ಕು ಮಾತು ಗೊಣಗಿದರೆ ಸಾಕು, ರೇಣುಕವ್ವ ಸತ್ತರೂ ಹಣೆಬರಹವೆಂದು ಊರು ಬಿಟ್ಟುಬಿಡುತ್ತದೆ. ಹಿಡಿಯದೆ ಕಳಿಸಿ, ಅವಳು ದಾರಿಯಲ್ಲಿ ಸತ್ತರೆ, ಹುಚ್ಚವ್ವ ಈ ಊರಲ್ಲಿ ಬಾಳುವಂತಿಲ್ಲ. ದವಾಖಾನೆಯಲ್ಲಿ ಉಳಿದೇ ಉಳಿಯುತ್ತಾಳೆಂದು ಅವಳಿಗೇನು ಗೊತ್ತಿತ್ತೇ? ಅದೂ ಗೊತ್ತಿರಲಿಲ್ಲ. ಅವಳು ಕಟ್ಟೆಯ ಮೇಲಿದ್ದ ಅಪ್ಪನ ಕಡೆ ನೋಡಿದಳು. ರುಮಾಲು ಮತ್ತೆ ವಾರೆಯಾಗಿತ್ತು.

"ಅಪ್ಪ ಕಿವ್ಯಾಗ ಹೇಳಿದ್ದು ಕೇಳಬೇಕೇನ್ರಿ? ಕೇಳ್ರಿ ಎಲ್ಲಾರೂ," ಎಂದಳು. "ಏಳು, ಹತ್ತೂವರಿ, ಮೂರು, ಆರು. ವಿಜಾಪುರದ ಬಸ್ಸಿನ ಟೈಮು. ನಡುವ ಬಂದ್ರ ದಾದಾಸಾಬನ ಟ್ರ್ಯಾಕ್ಟರು. ಇದ ನಮ್ಮ ಮನಿ ಮಂತ್ರ. ಈಗ ಮೂರರ ಬಸ್ಸಿಗೆ ಭಾಳ ತಡ ಐತಿ. ದಾದಾಸಾಬ ಕಾಕಾ, ಗಾಡಿ ಚಾಲೂ ಮಾಡು."

"ಹೆಣದ ಗಾಡ್ಯಾಗ ನನ್ನ ಸೊಸಿ ಹೋಗಂಗಿಲ್ಲ," ಎಂದು ಗೌಡ ಟ್ರ್ಯಾಕ್ಟರಿಗೆ ಅಡ್ಡ ನಿಂತ.

"ಹಂಗಾರ ನಿಮ್ಮ ಕೈಯಾಗ ಬೆತ್ತ ಐತೆಲ್ರಿ, ನೀವ ಹಾಕ್ರಿ ಮಂತ್ರ. ಗೊತ್ತಿದ್ರ ಹಾಕ್ರಿ. ಇಲ್ಲಾಂದ್ರ ಗೊತ್ತಿಲ್ಲ ಅಂತ ಹೇಳಿ ಹಾದಿ ಬಿಡ್ರಿ."

ಗೌಡ ಬೆತ್ತ ನೋಡಿದ, ಸೊಸೆಯ ಮುಖ ನೋಡಿದ. ಗುರಣ್ಣ ಅಪ್ಪನ ಮಾತಿಗೆ ಕಾಯಲಿಲ್ಲ. ಅವನನ್ನು ಬದಿಗೆ ಸರಿಸಿ, ಹೆಂಡತಿಯನ್ನು ಟ್ರಾಲಿಯಲ್ಲಿ ಮಲಗಿಸಿದ. ಹೆಣಕ್ಕೆಂದು ಹಾಸಿದ್ದ ಕೌದಿಯ ಮೇಲೆಯೇ.

"ನನ್ನ ಗೆಳೆಯಗ ಈಗ ಏನೂ ಅವಸರ ಇಲ್ಲ," ಎಂದ ದಾದಾಸಾಬ ಸೀಟು ಹತ್ತುತ್ತ. "ಅಂವ ಕಾಯತಾನ."

ಬಾಳೆಕಂಬ ತೂಗುತ್ತ, ಮಾಲೆ ಉದುರಿಸುತ್ತ ಟ್ರ್ಯಾಕ್ಟರು ವಿಜಾಪುರದ ಹಾದಿ ಹಿಡಿಯಿತು.

* * *

ಹೆಣ ಕಾಯಿತು, ಊರೂ ಕಾಯಿತು. ಒಲೆ ಹಚ್ಚದ ಓಣಿಯಲ್ಲಿ ಮಧ್ಯಾಹ್ನ ಉದ್ದಕ್ಕೆ ಬೆಳೆಯಿತು. ಹೊಲದಲ್ಲಿ ಕುಣಿ ತೋಡಿದವರು ಬರಿ ಕೈಯಲ್ಲಿ ತಿರುಗಿ ಬಂದರು. ಹೆಣ ಇಷ್ಟೊತ್ತು ಇಡಬಾರದು ಎಂದು ರಾಚವ್ವ ಮೂರು ಸಲ ಗೊಣಗಿದಳು, ನಾಲ್ಕನೆಯ ಸಲಕ್ಕೆ ಹಸಿದು ಸುಮ್ಮನಾದಳು. ಗೌಡ ಬೆತ್ತ ಹಿಡಿದುಕೊಂಡೇ ಕಟ್ಟೆಯ ಮೂಲೆಯಲ್ಲಿ, ಸಿದ್ದರಾಯನ ಪಕ್ಕಕ್ಕೆ ಕುಳಿತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಹುಚ್ಚವ್ವ ಅಪ್ಪನ ಮುಖದ ನೊಣ ಓಡಿಸುತ್ತ, ಟ್ರ್ಯಾಕ್ಟರಿನ ಸದ್ದಿಗೆ ಕಿವಿಗೊಟ್ಟಳು. ಅಳು ಬಂದಿರಲಿಲ್ಲ, ಭಯವೇ ಎಲ್ಲ ಜಾಗವನ್ನೂ ಹಿಡಿದಿತ್ತು.

ಇನ್ನೂ ಬಿಸಿಲಿರುವಾಗ ಟ್ರ್ಯಾಕ್ಟರು ಬಂತು. ದಾದಾಸಾಬ ಒಬ್ಬನೇ ಇದ್ದ. ಕೆಳಗಿಳಿದು ಗೌಡನಿಗೂ ಹುಚ್ಚವ್ವನಿಗೂ ಕೂಡಿಯೇ ಹೇಳಿದ. ಇಂಜೆಕ್ಷನ್ ಕೊಟ್ಟಿದ್ದಾರೆ, ಉಸಿರಾಡುತ್ತಿದ್ದಾಳೆ, ಗುರಣ್ಣ ಅಲ್ಲೇ ಇದ್ದಾನೆ.

"ಉಳೀತಾಳೇನ್ರಿ ಅಂತ ಡಾಕ್ಟರಗ ಕೇಳಿದೆ. ಬಂದದ್ದು ಚಲೋ ಆತು, ಆದ್ರ ಉಳೀತಾಳೊ ಇಲ್ಲೊ ನನಗ ಈಗ ಗೊತ್ತಿಲ್ಲ, ಮುಂಜಾನೆ ಹೇಳತೇನಿ ಅಂದ್ರು."

"ಅವರಿಗೂ ಗೊತ್ತಿಲ್ಲಂತ?" ಗೌಡ ಕಟ್ಟೆಯಿಂದ ಎದ್ದ.

"ಗೊತ್ತಿಲ್ಲ ಅಂದಾರಲ್ರಿ," ಎಂದಳು ಹುಚ್ಚವ್ವ, "ಹಂಗಾರ ಖರೇ ಡಾಕ್ಟರ ಇದ್ದಾರ." ಅಷ್ಟು ಹೇಳಿ ಅವಳು ಅಪ್ಪನ ಮೊಣಕಾಲ ಮೇಲೆ ತಲೆಯಿಟ್ಟು, ಬೆಳಗಿನಿಂದ ತಡೆದಿದ್ದನ್ನೆಲ್ಲ ಅತ್ತಳು.

ಟ್ರಾಲಿಯ ಕೌದಿ ತೊಯ್ದಿತ್ತು, ರೇಣುಕವ್ವ ವಾಂತಿ ಮಾಡಿಕೊಂಡಿದ್ದಳು. ಬೇರೆ ಹಾಸಲು ಹೋದವರನ್ನು ಹುಚ್ಚವ್ವ ತಡೆದಳು. ಸಿದ್ದರಾಯ ಅದರ ಮೇಲೆಯೇ ಕುಳಿತು ಹೊಲಕ್ಕೆ ಹೋದ.

ಕುಣಿಯಲ್ಲಿ ಅವನನ್ನು ಕೂರಿಸಿದ ಮೇಲೆ ಎಲ್ಲರೂ ಸರದಿಯಂತೆ ಮಣ್ಣು ಕೊಟ್ಟರು. ಗೌಡ ಕೊನೆಗೆ ಬಂದ. ಬೆತ್ತವನ್ನು ಕುಣಿಯ ಅಂಚಿಗಿಟ್ಟು, ಒಂದು ಹಿಡಿ ಮಣ್ಣು ಹಾಕಿ, ಮೇಲೇಳದೆ ಅಲ್ಲೇ ಬಗ್ಗಿ ನಿಂತ. ಐವತ್ತು ವರ್ಷ ಊರಿಗೆ ಎಲ್ಲವನ್ನೂ ತಿಳಿಸಿ ಹೇಳಿದ ಮನುಷ್ಯ, ಯಾರಿಗೂ ಕೇಳಿಸದಂತೆ ಹುಚ್ಚವ್ವನನ್ನು ಕೇಳಿದ:

"ಯವ್ವಾ, ಮುಂಜಾನೆ ಮೊದಲ ಬಸ್ಸು ಎಷ್ಟಕ್ಕ ಅಂದಿ?"

"ಏಳಕ್ಕರಿ," ಎಂದಳು. "ಬೆತ್ತ ಒಯ್ರಿ. ಅಡ್ಡ ಹಿಡದ್ರ ಡ್ರೈವರ ನಿಂದರಸ್ತಾನ."

ಗೌಡ ಅಂಚಿನಿಂದ ಬೆತ್ತ ಎತ್ತಿಕೊಂಡು, ಅದಕ್ಕೆ ಮೆತ್ತಿದ್ದ ಮಣ್ಣನ್ನು ತನ್ನ ಧೋತರದ ಚುಂಗಿನಿಂದ ಒರೆಸತೊಡಗಿದ.