ಹಸಿರು ದೀಪದ ಸೊನ್ನೆ

ನಾನು ಅಮೋನಿಯಾ ಅನಿಲ ಸೋರಿದರೆ ಕೂಗಿ ಎಚ್ಚರಿಸುವ ಮೀಟರು. ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ನನಗಿಂತ ಮೊದಲಿನವಕ್ಕೆ ಇಲ್ಲದ ಒಂದು ತಂತಿ ನನ್ನ ಹೊಟ್ಟೆಯಲ್ಲಿತ್ತು, ರೀಸೆಟ್ ತಂತಿ. ಕರೆಂಟು ಹೋಗಿ ಬಂದರೆ ನನ್ನ ಸೆನ್ಸರಿಗೆ ಮಂಕು ಕವಿಯುತ್ತದೆ. ಆ ತಂತಿ ಮಿಡಿದರೆ ಮತ್ತೆ ಎಚ್ಚರ.

ಹಳೆಯವನ್ನೂ ನನ್ನನ್ನೂ ನಡೆಸುವುದು ಒಂದೇ ಡ್ರೈವರ್ ಪ್ರೋಗ್ರಾಮು. ಬರೆದವರು ಕಾರ್ಖಾನೆಯ ವಾಗ್ದೇವಿ ಮೇಡಂ. ಕರೆಂಟು ಬಂದೊಡನೆ ಅದು ರೀಸೆಟ್ ತಂತಿ ಎಲ್ಲಿ ಎಂದು ಕೇಳುತ್ತದೆ. ಸಿಗದಿದ್ದರೆ, ಇದು ಹಳೆಯ ಮೀಟರಿರಬೇಕು ಎಂದುಕೊಂಡು ಮುಂದೆ ಹೋಗುತ್ತದೆ. ತಂತಿ ಇಲ್ಲದಿರುವುದು ಬೇರೆ, ಇದ್ದೂ ಸಿಗದಿರುವುದು ಬೇರೆ. ಅದು ಪ್ರೋಗ್ರಾಮಿಗೆ ಗೊತ್ತಿರಲಿಲ್ಲ.

ಬ್ಯಾಡಗಿ ಹತ್ತಿರ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಬಾಗಿಲ ಪಕ್ಕ ನನ್ನನ್ನು ಕೂರಿಸಿದರು. ಅಲ್ಲಿ ತಂಪು ಹುಟ್ಟಿಸುವುದು ಪೈಪಿನೊಳಗೆ ಹರಿಯುವ ಅಮೋನಿಯಾ. ಅಲ್ಲಿನ ಆಪರೇಟರ್ ದಾವಲಸಾಬನ ಮೂಗು ಮೂವತ್ತು ವರ್ಷದ ಅಮೋನಿಯಾದಿಂದ ಸತ್ತಿತ್ತು. ಅವನು ನಂಬಿದ್ದು ನನ್ನನ್ನು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಪ್ರೋಗ್ರಾಮು ತಂತಿ ಕೇಳಿತು. ತಂತಿ ಹಿಡಿದಿದ್ದ ಎಲೆಕ್ಟ್ರಾನಿಕ್ ಚಿಪ್ ಇನ್ನೂ ಪೂರ್ತಿ ಎದ್ದಿರಲಿಲ್ಲ. ಆಮೇಲೆ ಕೇಳು ಎಂದಿತು. ಪ್ರೋಗ್ರಾಮು ಅದನ್ನು ಇಲ್ಲ ಎಂದೇ ತಿಳಿದು, ತಂತಿ ಮಿಡಿಸದೆ ಮುಂದೆ ಹೋಯಿತು. ಹಸಿರು ದೀಪ ಹತ್ತಿತು. ಮಂಕು ಕವಿದ ನಾನು ಸೊನ್ನೆ ತೋರಿಸಿದೆ, ಅನಿಲವೇ ಇಲ್ಲ ಎಂಬಂತೆ. ಅದೇ ಹೊತ್ತಿಗೆ ಒಳಗೆ ಅಮೋನಿಯಾ ಪೈಪಿನ ಬೆಸುಗೆ ಬಿಡುತ್ತಿತ್ತು.

ಚೀಲ ಹೊಲಿಯುವ ನೀಲವ್ವ ಹೊರಗೆ ಬಂದಳು. "ಅಣ್ಣಾರ, ಒಳಗ ಕಣ್ಣು ಉರಿಯಾಕತ್ತಾವ."

"ಮೆಣಸಿನಕಾಯಿ ಘಾಟು ಬಿಡವ್ವ. ಮೀಟರ್ ನೋಡು, ಸೊನ್ನಿ ಐತಿ."

"ಈ ಘಾಟು ಹುಟ್ಟಿದಾಗಿಂದ ಕುಡದೀನಿ. ಇದು ಅದಲ್ಲ."

ಅವಳು ಒಳಗಿದ್ದ ಹೆಂಗಸರನ್ನು ಕೂಗಿ ಹೊರಡಿಸಿದಳು. ದಾವಲಸಾಬ ನನ್ನನ್ನು ಇನ್ನೊಮ್ಮೆ ನೋಡಿ, ತಾನೇ ಪರೀಕ್ಷಿಸಲು ಒಳಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ನೀಲವ್ವ ಒದ್ದೆ ಸೆರಗು ಮೂಗಿಗೆ ಕಟ್ಟಿಕೊಂಡು ನುಗ್ಗಿ, ಕಾಲು ಹಿಡಿದು ಅವನನ್ನು ಎಳೆದು ತಂದಳು. ಅಷ್ಟು ಹೊತ್ತೂ ನಾನು ಸೊನ್ನೆಯನ್ನೇ ತೋರಿಸುತ್ತಿದ್ದೆ.

ಅವನ ಜೀವ ಉಳಿಯಿತು. ನಾಲ್ಕು ಹೆಜ್ಜೆ ನಡೆಯುವಷ್ಟು ಉಸಿರು ಉಳಿಯಲಿಲ್ಲ.

ವಾಗ್ದೇವಿ ಮೇಡಂ ನನ್ನನ್ನು ಬಿಚ್ಚಿ ನೋಡಿದರು. ಚೀಲದಲ್ಲಿಟ್ಟುಕೊಂಡೇ ದಾವಲಸಾಬನ ಮನೆಗೆ ಹೋದರು. "ತಪ್ಪು ನನ್ನದು," ಎಂದರು.

ಅವನು ಬಹಳ ಹೊತ್ತು ಕೆಮ್ಮಿದ. "ಕೆಟ್ಟಿದ್ರ ಕೆಟ್ಟೈತಿ ಅಂತಾದ್ರೂ ಹೇಳಬೇಕಿತ್ರಿ ಅದು."

ಈಗ ಮೇಡಂ ಪ್ರೋಗ್ರಾಮನ್ನು ಹಾಗೆಯೇ ಬರೆದಿದ್ದಾರೆ. ತಂತಿ ಇಲ್ಲದ ಮೀಟರು ಸುಮ್ಮನೆ ಮುಂದೆ ಹೋಗುತ್ತದೆ. ಚಿಪ್ ಆಮೇಲೆ ಕೇಳು ಎಂದರೆ ಮತ್ತೆ ಕೇಳುತ್ತದೆ. ಇದ್ದೂ ಸಿಗದಿದ್ದರೆ ಕೆಂಪು ದೀಪ ಹಚ್ಚಿ ನಿಲ್ಲುತ್ತದೆ.

ನಾನು ಅವರ ಕಪಾಟಿನಲ್ಲಿ ಕರೆಂಟಿಲ್ಲದೆ ಕೂತಿದ್ದೇನೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಆದರೂ ಹೇಳಿದೆ. ನನ್ನ ಜೊತೆ ಹುಟ್ಟಿದವು ಹನ್ನೊಂದು. ಹಳೆಯ ಪ್ರೋಗ್ರಾಮು ಬದಲಿಸಲು ಹುಡುಕಿದಾಗ ಒಂಬತ್ತು ಸಿಕ್ಕಿವೆ. ಉಳಿದೆರಡಕ್ಕಾಗಿ ಮೇಡಂ ಇವತ್ತೂ ಡೀಲರಿಗೆ ಫೋನು ಮಾಡಿದರು.

"ಯಾರಿಗೆ ಕೊಟ್ವೋ ನೆನಪಿಲ್ರಿ," ಎಂದ ಅವನು. "ಆದ್ರ ಚಿಂತಿ ಮಾಡಬ್ಯಾಡ್ರಿ. ಕಂಪ್ಲೇಂಟ್ ಒಂದೂ ಬಂದಿಲ್ಲ."